ಹನ್ನೊಂದು ಚೌಕಟ್ಟು

ಈ ಲಿಪಿಯನ್ನು ಅಡಿಯಿಂದ ಮುಡಿಗೆ ಓದಬೇಕು,
ಗಿಡವನ್ನು ಓದುವ ಹಾಗೆ.
ನಡುವಿನ ಗೆರೆ ಬೆನ್ನೆಲುಬು.
ಎಡಕ್ಕಿರುವುದು ಎಡಗಾಲು, ಬಲಕ್ಕೆ ಬಲಗಾಲು,
ಅತ್ತಿತ್ತ ಕೈಗಳು, ಅಂಚಿನಲ್ಲಿ ತಲೆ.
ಮಸಿ ತುಂಬಿದ ಚೌಕವಾದರೆ ಮಂಡಿ ಬಾಗಿದೆ,
ಗೀಟು ಗೀಟಾದರೆ ತುದಿಗಾಲು.
ಚೌಕ ಎಷ್ಟು ಉದ್ದವೋ ಅಷ್ಟು ಹೊತ್ತು.
ಇನ್ನು, ಕಾಲಿನ ಮನೆಯಲ್ಲಿ ಏನೂ ಬರೆಯದಿದ್ದರೆ
ಕಾಲು ನೆಲದ ಮೇಲಿಲ್ಲ.
ಅಷ್ಟೆ.
ನೆಗೆತಕ್ಕೆ ಬೇರೆ ಚಿಹ್ನೆಯಿಲ್ಲ, ಖಾಲಿಯೇ ನೆಗೆತ.

ಬುಡಾಪೆಸ್ಟಿನ ನೆಲಮಾಳಿಗೆಯಲ್ಲಿ ಇದನ್ನು ಕಲಿಸಿದವಳು ಶರೊಲ್ಟಾ.
ಎಡಚಿ. ಬರೆದದ್ದರ ಮೇಲೇ ಕೈ ಎಳೆದು
ಕಿರುಬೆರಳ ಅಂಚು ಸದಾ ಸೀಸದ ಬಣ್ಣ.
ಒಂದು ನಿಮಿಷದ ಕುಣಿತಕ್ಕೆ ಮೂರು ವಾರ ಕೂರುತ್ತಿದ್ದಳು.
"ಕಂಡದ್ದನ್ನು ಬರಿ" ಅನ್ನುತ್ತಿದ್ದಳು,
"ಚೆಂದ ಇತ್ತು ಅಂತ ಬರೆಯೋಕೆ ಇಲ್ಲಿ ಮನೆಯಿಲ್ಲ."

ಅರವತ್ತೆಂಟರ ರೀಲು. ಟ್ರಾನ್ಸಿಲ್ವೇನಿಯಾದ ಒಂದು ಹಳ್ಳಿ,
ಗುಡಿಸಿದ ಕಣಜ, ಅರ್ಧ ಮಾತ್ರ ಕಾಣುವ ಪಿಟೀಲಿನವ.
ಗಾಡಿಗಾಲಿ ಮಾಡುವ ಬೆನೆಡೆಕ್
ತನ್ನ ಬೂಟನ್ನು ತಾನೇ ತಟ್ಟುತ್ತಾ ಕುಣಿಯುತ್ತಾನೆ,
ತೊಡೆ, ಹಿಮ್ಮಡಿ, ಮೀನಖಂಡ,
ಮೈಯೆಲ್ಲ ಒಂದು ಚರ್ಮವಾದ್ಯ.
ನಡುವೆ ಹನ್ನೊಂದು ಚೌಕಟ್ಟು ಬೂಷ್ಟು ತಿಂದಿದೆ.
ಅದಕ್ಕೂ ಮೊದಲು ಬಲಗೈ ಮೇಲಿದೆ,
ಆಮೇಲೆ ಎರಡೂ ಕಾಲು ನೆಲದಲ್ಲಿವೆ.
ನಡುವಿನ ಅರ್ಧ ಕ್ಷಣ ಯಾರಿಗೂ ಗೊತ್ತಿಲ್ಲ.

ಶರೊಲ್ಟಾ ಆ ಮನೆ ಖಾಲಿ ಬಿಟ್ಟಳು,
ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ.
ಅಚ್ಚಿಗೆ ಹೋಗುವಾಗ ಪ್ರಶ್ನೆ ಉದುರಿತು.
ಖಾಲಿ ಉಳಿಯಿತು.

ಸರಿ, ಎಲ್ಲರೂ ನೆಗೆದರು.
ದೆಬ್ರೆತ್ಸೆನ್ನಿನಲ್ಲಿ ನೆಗೆದರು, ಟೊರಾಂಟೊದ ಚರ್ಚಿನ ಹಾಲಿನಲ್ಲಿ ನೆಗೆದರು,
ಬೆನೆಡೆಕ್ ನೆಗೆತ ಎಂದು ಅದಕ್ಕೆ ಹೆಸರೂ ಬಂತು,
ಸ್ಪರ್ಧೆಗಳಲ್ಲಿ ಅಂಕವೂ.

ಈಗ ಬಾಲಿಂತ್ ಕಪ್ಪು ಅಂಗಿ ತೊಟ್ಟಿದ್ದಾನೆ,
ಮೈಮೇಲೆ ಐವತ್ತಮೂರು ಹೊಳೆಯುವ ಗುಂಡು.
ಗೋಡೆಯ ಕ್ಯಾಮೆರಾಗಳಿಗೆ ಮುಖ ಬೇಡ, ಬೆವರು ಬೇಡ,
ಪರದೆಯ ಮೇಲೆ ಬರೀ ಚುಕ್ಕಿಗಳು ಕುಣಿಯುತ್ತವೆ.
ಅಂಗೈ ಬೂಟನ್ನು ತಟ್ಟಿದಾಗೆಲ್ಲ
ಒಂದು ಗುಂಡು ಮರೆಯಾಗುತ್ತದೆ.
ಕಂಪ್ಯೂಟರು ಕೇಳುತ್ತದೆ: ತುಂಬಲೇ?
ನಾನು ಹೂಂ ಒತ್ತುತ್ತೇನೆ.
ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದು ಗೆರೆ
ಈ ದಡಕ್ಕೂ ಆ ದಡಕ್ಕೂ.
ಶರೊಲ್ಟಾ ಇದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದಳು.

ಬೆನೆಡೆಕನ ಹೆಂಡತಿ ರೊಜಾಲಿಯಾ ಬಸ್ಸಿನಲ್ಲಿ ಬಂದಳು.
ತೊಂಬತ್ತೊಂದು. ಕಾಫಿ ಬೇಡ ಎಂದು
ಸಕ್ಕರೆ ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡಳು.
ಬಾಲಿಂತ್ ಕುಣಿದ. ಅವಳ ಬೆರಳು ಮಂಡಿಯ ಮೇಲೆ ಲೆಕ್ಕ ಹಾಕುತ್ತಿತ್ತು.
ಬಾಲಿಂತ್ ನೆಗೆದ. ಬೆರಳು ನಿಂತಿತು.

"ಈ ಹುಡುಗ ಯಾಕೆ ಹಾರ್ತಾನೆ?
ನಮ್ಮವನು ಹಾರ್ತಿರಲಿಲ್ಲ. ಬೆನ್ನು ನೋವು.
ಇಲ್ಲಿ ತಟ್ಟೋಕೆ ಅಂತ ಕೈ ಎತ್ತಿ, ತಟ್ಟದೆ,
ಸುಮ್ಮನೆ ನಿಲ್ಲೋನು.
ನಾನು ನೋಡ್ತಿದ್ದೀನಾ ಅಂತ ನೋಡೋಕೆ."

ನೋಡುತ್ತಿದ್ದಿರಾ?

"ನಾನ್ಯಾಕೆ ನೋಡ್ಲಿ? ಊರೆಲ್ಲ ಇತ್ತು ಅಲ್ಲಿ.
ಮೊದಲಿಂದ ಕೊನೇವರೆಗೂ ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದೆ."

ಬಾಲಿಂತ್ ಬೂಟು ಬಿಚ್ಚತೊಡಗಿದ.

ಆ ರಾತ್ರಿ ಮೂಲ ಹಾಳೆ ತೆಗೆದೆ.
ನಿಲ್ಲುವುದಕ್ಕೆ ಈ ಲಿಪಿಯಲ್ಲಿ ಒಂದು ಸಣ್ಣ ಸೊನ್ನೆ ಇದೆ,
ತಲೆ ಹೊರಳಿಸಲು ಬೇರೊಂದು ಗುರುತು.
ನೋಡುತ್ತಾಳೋ ಎಂದು ನೋಡುವುದಕ್ಕೆ ಇಲ್ಲ.
ಖಾಲಿಯ ನಡುವೆ ಸೊನ್ನೆ ಇಟ್ಟೆ, ಪೆನ್ಸಿಲಿನಲ್ಲಿ,
ಇಟ್ಟು ಹೆದರಿದೆ. ಕಂಡದ್ದನ್ನು ಬರಿ ಅಂದಿದ್ದಳಲ್ಲ,
ನಾನು ಕಂಡಿಲ್ಲ.

ರೀಲು ಹಾಕಿದೆ.
ಬೂಷ್ಟು ಹಿಮದ ಹಾಗೆ ಬಂತು, ಹೋಯಿತು.
ಮತ್ತೆ ಕಣಜ, ನೆಲದಲ್ಲಿ ಎರಡು ಬೂಟು,
ಚಿತ್ರದ ತೀರ ಅಂಚಿನಲ್ಲಿ ಬಾಗಿಲು.
ಅಲ್ಲೊಂದು ಲಂಗದ ತುದಿ ಇದೆ. ಬೂದು. ಕೆಂಪಿದ್ದಿರಬಹುದು.
ಇಷ್ಟು ವರ್ಷ ಕಾಲನ್ನಷ್ಟೇ ನೋಡಿದವಳಿಗೆ ಕಂಡಿರಲಿಲ್ಲ.
ಹನ್ನೆರಡನೆಯ ಚೌಕಟ್ಟಿನಲ್ಲಿ
ಅದರ ನೆರಿಗೆ ಇನ್ನೂ ತೂಗುತ್ತಿದೆ,
ಈಗಷ್ಟೇ ಅತ್ತ ತಿರುಗಿದವಳದರ ಹಾಗೆ.