ಸೇತುವೆ ದಾಟಿದ ಮೇಲೆ

ಮೊದಲೆಲ್ಲ ಆರ್ಡರು ಬಂದ ಕೂಡಲೇ ಬೇಯಿಸೋದು;
ಹುಡುಗರು ಬರುವಷ್ಟರಲ್ಲಿ ಖಿಂಕಾಲಿ ತಣ್ಣಗೆ, ಗಿರಾಕಿ ಬಿಸಿ.
ಈಗ ನಾನುಲಿ ಅಜ್ಜಿಯ ಒಲೆ ಪಕ್ಕ
ಹಿಟ್ಟು ಮೆತ್ತಿದ ಪರದೆ, ತ್ಬಿಲಿಸಿಯ ಬೀದಿಗಳು, ಏಳು ಚುಕ್ಕೆ.
ಚುಕ್ಕೆ ಕುರಾ ನದಿಯ ಸೇತುವೆ ದಾಟಿತೋ,
ಹತ್ತೊಂಬತ್ತು ನೆರಿಗೆಯ ಕಡುಬು ಕುದಿನೀರಿಗೆ.
ಲೆಕ್ಕ ತಪ್ಪಿದ್ದಿಲ್ಲ.

ಇವತ್ತು ಐದನೆಯ ಚುಕ್ಕೆ, ಝುರಾಬನದು,
ಸೇತುವೆಯ ನಡುವೆಯೇ ನಿಂತಿದೆ.
ಹೊರಗೆ ಹಿಮ. ಪಾತ್ರೆಯಲ್ಲಿ ನೀರು ಕುದಿದು ಕುದಿದು ಇಂಗುತ್ತಿದೆ.
ಪರದೆ ಕೆಂಪಾಗಿ ಕೇಳುತ್ತದೆ: ಬೇರೆಯವರನ್ನು ಕಳಿಸಲೇ?
ಅಜ್ಜಿ ಬೆರಳೊತ್ತಲಿಲ್ಲ,
ಇನ್ನೊಂದು ಚೊಂಬು ನೀರು ಸುರಿದಳು.

ಬಂದ, ಒಂದೇ ಕೈಗವಸಿನಲ್ಲಿ.
"ಇನ್ನೊಂದು ನದಿಗೆ ಹಾರಿತು. ನೋಡ್ತಾ ನಿಂತುಬಿಟ್ಟೆ."

ವಿಳಂಬ: ಆರು ನಿಮಿಷ. ಕಾರಣ?
ಹಿಟ್ಟಿನ ಬೆರಳಲ್ಲಿ ಅವಳು ಒತ್ತಿದ್ದು: ಗಾಳಿ.