ಜಂತ್ರಡಿ

ಉರಿಯೂತ ಅಂದರು.
ಉರಿ ಗೊತ್ತಿತ್ತು, ಊತವೂ ಗೊತ್ತಿತ್ತು.
ಎರಡನ್ನೂ ಹೀಗೆ ಒಂದೇ ಹಗ್ಗಕ್ಕೆ ಹೊಸೆಯುತ್ತಾರೆಂದು
ತಿಳಿದದ್ದು ಕಾರವಾರದ ಆಸ್ಪತ್ರೆಯಲ್ಲಿ, ಮೂರನೇ ಮಹಡಿ.
ಕಿಟಕಿಯಾಚೆ ಕಾಳಿ ಸಮುದ್ರ ಸೇರುವಲ್ಲಿ
ನೀರಿಗೆ ಎರಡು ಬಣ್ಣ.

ದಿನಕ್ಕೆ ಹದಿನಾಲ್ಕು ಸಲ ಹಿತ್ತಲಿಗೆ ಓಡುತ್ತಿದ್ದೆ.
ರಕ್ತ ಕಂಡದ್ದನ್ನು ಮಂಕಾಳಿಗೆ ಹೇಳಿರಲಿಲ್ಲ.
ಕಣ್ಣು ಹಳದಿಯಾದಾಗ ಅವಳೇ ನೋಡಿದಳು.
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುವುದು ಸುಳ್ಳು:
ಕಗ್ಗದ ಪೈರು ಹಸಿರೇ ಇತ್ತು, ಬೆಳ್ಳಕ್ಕಿ ಬಿಳಿಯೇ.
ಲೋಕಕ್ಕೆ ನಾನು ಹಳದಿ, ಅಷ್ಟೇ.
ಮತ್ತೆ ತುರಿಕೆ. ರಾತ್ರಿಯೆಲ್ಲ ಅಂಗಾಲು ಕೆರೆದು ಕೆರೆದು
ಚಾದರಕ್ಕೆ ಕಲೆ.
"ಯಾರದೋ ಹೊಟ್ಟೆಕಿಚ್ಚು ತಾಗಿರ್ಬೇಕು" ಅಂದ ನೆರೆಮನೆಯ ಗಿರಿಯ.
ನಂದೇ ಮಾರಾಯ, ನನ್ನ ಹೊಟ್ಟೆಯದೇ ಕಿಚ್ಚು.

ಡಾಕ್ಟರ್ ಬಾಂದೇಕರ ಬಾಯಿ ಚೀಟಿಯ ಬೆನ್ನಿಗೆ ಗೆರೆ ಎಳೆದರು:
ಕರುಳಿನಿಂದ ಯಕೃತ್ತಿಗೆ ಒಂದು ದಪ್ಪ ರಕ್ತನಾಳ,
ಉಂಡದ್ದರಲ್ಲಿ ಬಹುಪಾಲು ಮೊದಲು ಹೋಗುವುದು ಅದೇ ದಾರಿ.
ಕರುಳಿನ ಒಳಗೋಡೆ ಒಂದೇ ಒಂದು ಜೀವಕೋಶದಷ್ಟು ದಪ್ಪ.
ಆಚೆ ಕೋಟಿಗಟ್ಟಲೆ ಪರಊರಿನವರು,
ಈಚೆ ಕಾವಲಿನವರು,
ಇಷ್ಟು ವರ್ಷ ಹೊಂದಿಕೊಂಡೇ ಇದ್ದರು.
"ಈಗ ಕಾವಲಿನವರೇ ಮನೆಯವರಿಗೆ ಹೊಡೀತಿದಾರೆ.
ಕರುಳು ಹುಣ್ಣಾಗಿದೆ. ಪಿತ್ತದ ನಾಳ
ಗಾಯ ಮಾಗಿ ಮಾಗಿ ಬಿಗಿದಿದೆ.
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ."

ನಮ್ಮಲ್ಲಿ ಬೇಲಿ ಇಲ್ಲ ಅಮ್ಮ, ಅಂದೆ.
ಮಾಣಿಕಟ್ಟೆಯ ಗಜನಿಗೆ ಇರುವುದು ಮಣ್ಣಿನ ಕಟ್ಟು,
ಕಟ್ಟಿಗೊಂದು ಜಂತ್ರಡಿ.
ಇಪ್ಪತ್ತಾರು ವರ್ಷ ಅದರ ಹಲಗೆ ಎತ್ತಿ ಇಳಿಸಿದವ ನಾನು,
ಹಮ್ಮಣ್ಣ ಬೀರಪ್ಪ ಪಟಗಾರ.
ಮಳೆಗಾಲದಲ್ಲಿ ಉಪ್ಪುನೀರನ್ನು ತಡೆಯಬೇಕು,
ಕೊಯ್ಲು ಮುಗಿದ ಮೇಲೆ ಅದನ್ನೇ ಕರೆಯಬೇಕು.
ಬರುವಾಗ ಅದು ಬರಿಗೈಲಿ ಬರುವುದಿಲ್ಲ,
ಶೆಟ್ಲಿ ತರುತ್ತದೆ, ಏಡಿ ತರುತ್ತದೆ,
ಕೊಳೆತ ಕೂಳೆ ತಿಂದು ಅವು ಹಾಕಿದ ಹೊಲಸು
ಬರುವ ವರ್ಷದ ಗೊಬ್ಬರ.
ಯಾವಾಗ ಎತ್ತೂದು, ಯಾವಾಗ ಇಳಿಸೂದು,
ಅದೊಂದು ತಿಳಿದರೆ ಸಾಕು.

ಬಾಯಿ ಪೆನ್ನಿನ ಟೊಪ್ಪಿ ಹಾಕಿ ನನ್ನನ್ನೇ ನೋಡಿದರು.
ಹೊರಗೆ ಇನ್ನೂ ಹದಿನೇಳು ಜನ ಕಾಯುತ್ತಿದ್ದರು.

ಕುಮಟೆಯ ಬಸ್ಸಿನಲ್ಲಿ, ಅಂಕೋಲೆ ದಾಟಿದ ಮೇಲೆ,
ನೆನಪಾಯಿತು.
ಒಂದು ಅಮಾಸೆ. ಜಂತ್ರಡಿಯ ಹತ್ತಿರ ನೀರು ಸದ್ದು ಮಾಡಿತು.
ಬಲೆ ಕಳ್ಳನೆಂದು ಬಿದಿರು ಬೀಸಿದೆ, ಎರಡು ಸಲ.
ಎರಡನೆಯದು ಯಾಕೆ ಬೀಸಿದೆನೋ.
ಬಿದ್ದವ ನಾಗು, ನನ್ನ ತಮ್ಮ,
ನನಗೇ ಚಾ ತರುತ್ತಿದ್ದವ.
ಕೆಸರಲ್ಲಿ ಉರುಳಿದ ಫ್ಲಾಸ್ಕಿನ ಬಿಸಿ ಕಾಲಿಗೆ ತಾಗಿದಾಗಲೇ
ನನಗೆ ಗೊತ್ತಾದದ್ದು.
ಅವನ ಮೊಣಕೈ ಇವತ್ತಿಗೂ ಪೂರಾ ನೆಟ್ಟಗಾಗುವುದಿಲ್ಲ.
ಆ ರಾತ್ರಿ ನಾನು ಕುಡಿದಿರಲಿಲ್ಲ, ಸಿಟ್ಟೂ ಇರಲಿಲ್ಲ.
ಕೆಲಸದಲ್ಲಿದ್ದೆ.

ಮಾತ್ರೆ ಕಾವಲಿನವರನ್ನು ಮಲಗಿಸುತ್ತದಂತೆ.
ಹಿತ್ತಲಿನ ಓಡಾಟ ಮೂರು ಸಲಕ್ಕೆ ಇಳಿದಿದೆ.
ಪಿತ್ತದ ನಾಳಕ್ಕೆ ಇದು ಸಾಲದು, ನೋಡೋಣ, ಅಂದಿದ್ದಾರೆ.
ಮುಖ ಮಾತ್ರ ಚಂದ್ರನ ಹಾಗೆ ಉಬ್ಬಿದೆ.
"ಇನ್ ಭರತಿ ಲೆಕ್ಕಕ್ಕೆ ಪಂಚಾಂಗ ಬ್ಯಾಡ,
ನಿಮ್ ಮೋರೆ ನೋಡ್ರೆ ಸಾಕು" ಅನ್ನುತ್ತಾಳೆ ಮಂಕಾಳಿ.
ಅರೆಬೆಂದ ಬೆಳಚು ತಿನ್ನೂಕಿಲ್ಲ.
ಅಂಗಾಲಿನ ಗಾಯ ಹೊತ್ತು ಉಪ್ಪುನೀರಿಗೆ ಇಳಿಯೂಕಿಲ್ಲ.
ನೀರಿನಲ್ಲಿ ಕಣ್ಣಿಗೆ ಕಾಣದವರು ಇದ್ದಾರೆ,
ಒಳಗೆ ಏಳುವವರು ಯಾರೂ ಇಲ್ಲ.

ಹಲಗೆ ಎತ್ತುವವ ಈಗ ನಾಗು.
ಸೊಟ್ಟ ಕೈ ಹಲಗೆಯ ಅಡಿಗೆ ಕೊಟ್ಟು,
ಭುಜದಿಂದ ನೂಕಿ ಎತ್ತುತ್ತಾನೆ.
ನಾನು ಕಟ್ಟಿನ ಮೇಲೆ, ಒಣನೆಲದಲ್ಲಿ, ಬ್ಯಾಟರಿ ಹಿಡಿದು.
ಅಘನಾಶಿನಿ ಕತ್ತಲಲ್ಲಿ ಹಿಂದಕ್ಕೆ ಹರಿದು ಬರುತ್ತದೆ.
ಸದ್ದಾದಾಗಲೆಲ್ಲ ಬೆಳಕು ಮುಖಕ್ಕೇ ಬಿಡುತ್ತೇನೆ.
"ಕಣ್ಣಿಗೆ ಬಿಡಬ್ಯಾಡ್ವೋ, ನಾನೇ" ಎಂದು ಬೈಯುತ್ತಾನೆ.
ಇನ್ನೊಂದು ಸಲ ಬಿಡುತ್ತೇನೆ.