ಟಾರ್ಚಮ್ಮ

ಹೆಗ್ಗನಹಳ್ಳಿ ಕ್ರಾಸಿನ ಹಿಂದಿನ ಗಲ್ಲಿಯಲ್ಲಿ
ನನ್ನ ಹೆಸರು ಯಾರಿಗೂ ಗೊತ್ತಿಲ್ಲ.
ಟಾರ್ಚಮ್ಮ ಬಂದ್ಳು, ಅಂತಾವೆ ಮಕ್ಕಳು,
ನಮ್ಮ ನೀರು ಇಣುಕಿ ನೋಡೋಕೆ.

ಏಪ್ರಿಲ್. ಮಧ್ಯಾಹ್ನ ಹನ್ನೆರಡು.
ಶೀಟಿನ ಮನೆಗಳು ಕಾದ ಕಾವಲಿ,
ಒಳಗೆ ಮಲಗಿದವರನ್ನು
ಬಿಸಿಲು ಮಗುಚಿ ಮಗುಚಿ ಬೇಯಿಸುತ್ತದೆ.
ಜ್ವರಕ್ಕೂ ಮೊದಲೊಂದು ಪಂಚಾಂಗವಿತ್ತು:
ಮಳೆ ಹುಯ್ದು, ನಿಂತು, ಹದಿನೈದು ದಿನಕ್ಕೆ
ನೆಂಟರ ಹಾಗೆ ಹೇಳಿಕಳಿಸಿ ಬರುತ್ತಿತ್ತು.
ಈಗ ಮಳೆಗೂ ಕಾಯುವುದಿಲ್ಲ.

ಜಬೀನಾಳ ಬಾಗಿಲಲ್ಲಿ ನೀಲಿ ಡ್ರಮ್ಮು.
ಪೀಣ್ಯದ ಯಾವುದೋ ಕೆಮಿಕಲ್ಲಿನ ಹೆಸರು ಅರ್ಧ ಅಳಿಸಿದೆ.
ಒಳಗೆ ಒಂಬತ್ತು ದಿನದ ನೀರು.
ಟಾರ್ಚು ಬಿಟ್ಟೆ.
ನೂರಾರು ಅಲ್ಪವಿರಾಮಗಳು
ಬೆಳಕಿಗೆ ಬೆಚ್ಚಿ ತಳಕ್ಕೆ ಕೊಂಕಿದವು.

ಚೆಲ್ಲಿಬಿಡಮ್ಮ, ಅಂದೆ, ತರಬೇತಿಯಲ್ಲಿ ಕಲಿಸಿದಂತೆ.
ಅವಳು ಚೌಕಟ್ಟಿಗೆ ಒರಗಿದ್ದಳು. ಗಾರ್ಮೆಂಟ್ಸಿಗೆ ಮೂರು ದಿನ ರಜೆ.
ಚಾಪೆಯ ಮೇಲೆ ಮಗ ಸುಹೇಲ.
ಅವನ ಪ್ಲೇಟ್ಲೆಟ್ಟು ಇಡೀ ಗಲ್ಲಿಗೆ ಬಾಯಿಪಾಠ:
ನಿನ್ನೆ ಎಂಬತ್ತು ಸಾವಿರ, ಇವತ್ತು ಅರವತ್ತೆರಡು.
ತಿರುವಿನ ಪರಂಗಿ ಗಿಡದಲ್ಲಿ
ಒಂದೆಲೆಯೂ ಉಳಿದಿಲ್ಲ, ಬರೀ ಕೋಲು.

"ಚೆಲ್ತೀನಿ. ಟ್ಯಾಂಕರ್ ಯಾವತ್ತು ಬರುತ್ತೆ, ಅದನ್ನ ಹೇಳು.
ಇಲ್ಲಾ, ನೀನೇ ಹೊತ್ಕೊಂಡು ಬರ್ತೀಯಾ?"

ನನ್ನ ಫಾರಮ್ಮಿನಲ್ಲಿ ಇರುವುದು ಎರಡೇ ಖಾನೆ:
ಚೆಲ್ಲಿಸಲಾಯಿತು, ಚೆಲ್ಲಿಸಲಿಲ್ಲ.
ಟ್ಯಾಂಕರಿಗೆ ಖಾನೆ ಇಲ್ಲ.
ರಾತ್ರಿ ಎರಡಾದರೂ ಆರದ ಗೋಡೆಗೆ ಇಲ್ಲ.
ಟಾಯ್ಲೆಟ್ಟಿಗೆ ಬಿಡುವುದಿಲ್ಲವೆಂದು
ಇಡೀ ಶಿಫ್ಟು ಗುಟುಕು ನೀರು ಕುಡಿಯದೆ
ಉರಿಮೂತ್ರಕ್ಕೆ ನನ್ನನ್ನೇ ಪಿಸುಮಾತಲ್ಲಿ ಮಾತ್ರೆ ಕೇಳುವ ಹುಡುಗಿಯರಿಗೂ ಇಲ್ಲ.

ಟೀ ಸೋಸೋ ಜಾಲರಿ ಇದೆಯಾ, ಕೇಳಿದೆ.

ಡ್ರಮ್ಮಿಗೆ ಬಗ್ಗಿ ಇಬ್ಬರೂ ಒಂದು ಗಂಟೆ
ಕೆರೆಯಲ್ಲಿ ಮೀನು ಹಿಡಿಯುವವರ ಹಾಗೆ ಹಿಡಿದೆವು.
ಜಾಲರಿಯನ್ನು ರಸ್ತೆಗೆ ಒದರಿದರೆ
ಹುಳ ಬಿದ್ದಲ್ಲೇ ಒಣಗಿ ಪುಡಿ.
ಈ ಬಿಸಿಲಿಂದ ಆದ ಉಪಕಾರ ಅದೊಂದೇ,
ಅಂದಳು ಜಬೀನಾ. ನಗು ಬಂತು.
ಹಳೇ ದುಪಟ್ಟಾ ಬಾಯಿಗೆ ಹೊದಿಸಿ, ಸೈಕಲ್ ಟ್ಯೂಬು ಬಿಗಿದು,
"ಚೆಲ್ಲಿಸಲಾಯಿತು" ಎಂಬಲ್ಲಿ ಗುರುತು ಹಾಕಿದೆ.
ಸುಳ್ಳು.

ಮನೆಗೆ ಬಂದಾಗ ಕತ್ತಲು. ಕರೆಂಟಿಲ್ಲ.
ಬಚ್ಚಲ ಮೂಲೆಯಲ್ಲಿ ನನ್ನದೂ ಒಂದು ಡ್ರಮ್ಮು,
ತಿಂಗಳಿಂದ ನೋಡಿಲ್ಲ.
ಟಾರ್ಚಿನ ಬ್ಯಾಟರಿ ಮುಗಿದಿತ್ತು.
ಸುಮ್ಮನೆ ಕೈ ಇಳಿಬಿಟ್ಟೆ.
ಬೆರಳ ಸಂದಿಯಲ್ಲಿ ಏನೋ ಮಿಸುಕಿತು,
ಅಥವಾ ನನ್ನದೇ ನಾಡಿಯೋ.
ಸಂಜೆಯಿಂದ ಮೈ ಯಾಕೋ ಬೆಚ್ಚಗಿದೆ.